ಕಾಲಿಲ್ಲದ್ದು

ಕಿಸುಮು ಆಸ್ಪತ್ರೆ. ರಾತ್ರಿ ಪಾಳಿ.
ಹೋದ ಕರೆಂಟು ಬಂದು, ಇನ್‌ಕ್ಯುಬೇಟರು ಗುರ್ರೆಂದು
ಮತ್ತೆ ಕಾವಿಗೆ ಕೂತಿದೆ:
ಮೂವತ್ತೇಳು ಡಿಗ್ರಿ, ಮಗುವಿನ ಹೊಟ್ಟೆಯಷ್ಟೇ ಬಿಸಿ.
ಗಾಜಿನ ತಟ್ಟೆ ತೆಗೆದು ದೀಪಕ್ಕೆ ಹಿಡಿಯುತ್ತೇನೆ.
ಗುಲಾಬಿ ಚುಕ್ಕೆಗಳ ಸಂತೆಯಲ್ಲಿ
ಬಣ್ಣವೇ ಇಲ್ಲದ ಕೆಲವು, ಬೆವರಹನಿಯಂಥವು,
ಯಾರ ಕಣ್ಣಿಗೂ ಬೀಳದೆ ಪಂಕ್ತಿಗೆ ಕೂತವು.

ಶಿಗೆಲ್ಲ.
ಇಲ್ಲಿಯವರ ಬಾಯಲ್ಲಿ ದಿಯೆಪ್ ರೆಮೊ, ರಕ್ತದ ಭೇದಿ.

ಇನ್ನೊಂದು ಕೊಳವೆಯ ಮೆತ್ತನೆ ಅಗರಿಗೆ
ನಿನ್ನೆ ಸೂಜಿಯಿಂದ ಚುಚ್ಚಿ ಬಿಟ್ಟಿದ್ದೆ.
ಈಜುವಂಥದ್ದಾಗಿದ್ದರೆ ಇಷ್ಟೊತ್ತಿಗೆ ಮೋಡದ ಹಾಗೆ ಹರಡಬೇಕಿತ್ತು.
ಇದು ಚುಚ್ಚಿದ ಗೆರೆಯಲ್ಲೇ ನಿಂತಿದೆ.
ಕಾಲಿಲ್ಲ, ಬಾಲವಿಲ್ಲ,
ಇಟ್ಟಲ್ಲೇ ಇರುವ ಸಾಧು ಪ್ರಾಣಿ.

ಸಾಧುವಂತೆ!

ನೂರಿದ್ದರೆ ಸಾಕು, ಕೆಲವೊಮ್ಮೆ ಹತ್ತೇ ಸಾಕು.
ಜೆರಿಕ್ಯಾನಿನ ಬಾಯಿಗೆ ತಗುಲಿದ ಒಂದು ಬೆರಳು.
ಜಠರದ ಹುಳಿ ದಾಟಿ ದೊಡ್ಡಕರುಳಿಗಿಳಿದು
ಮುಂಬಾಗಿಲು ಮಾತ್ರ ತಟ್ಟುವುದಿಲ್ಲ.
ಬಂದವರನ್ನು ಮೂಸಿ ಒಳಬಿಡುವ ಕಿಂಡಿಗಳಿವೆ ಆ ಗೋಡೆಯಲ್ಲಿ,
ಅಲ್ಲಿ ತೂರುತ್ತದೆ.
ಒಳಗೆ ಕಾದಿದ್ದ ಕಾವಲಿನ ಕೋಶ ಗಬಕ್ಕನೆ ನುಂಗುತ್ತದೆ.
ಇದಕ್ಕೆ ಬೇಕಾದ್ದೂ ಅದೇ;
ನುಂಗಿದವನನ್ನು ಕೊಂದು ಹೊರಬಿದ್ದು
ಕರುಳಕೋಶದ ಹಿತ್ತಿಲಲ್ಲಿ ನಿಲ್ಲುತ್ತದೆ.

ಅಲ್ಲಿ ಸೂಜಿ. ತನ್ನ ಮೈಯಲ್ಲೇ ಮೊಳೆತ ಸೂಜಿ.
ಚುಚ್ಚಿ, ಕಿವಿಯಲ್ಲೇನೋ ಊದಿದ ಹಾಗೆ,
ಕೋಶದ ಪೊರೆ ನಿರಿಗೆನಿರಿಗೆಯಾಗಿ ಎದ್ದು
ಅದನ್ನು ಸುತ್ತಿ ಒಳಗೆಳೆದುಕೊಳ್ಳುತ್ತದೆ.
ಹತ್ತು ವರ್ಷವಾಯಿತು ಈ ಕೆಲಸಕ್ಕೆ ಬಂದು,
ಇದೊಂದು ನನಗೆ ಇನ್ನೂ ಅರಗಿಲ್ಲ:
ಪುಸ್ತಕಗಳು ನುಗ್ಗಿತು ಎನ್ನುತ್ತವೆ,
ಚಿತ್ರ ನೋಡಿದರೆ ತಬ್ಬಿಕೊಂಡ ಹಾಗಿದೆ.

ಸುತ್ತಿದ ಚೀಲ ಹರಿದು ನಡುಮನೆಗೆ.
(ದಾಯಾದಿ ಸಾಲ್ಮೊನೆಲ್ಲ ಚೀಲದಲ್ಲೇ ಸಂಸಾರ ಹೂಡುತ್ತದೆ,
ಇದಕ್ಕೆ ಅಷ್ಟು ತಾಳ್ಮೆಯಿಲ್ಲ.)
ಉಂಡ ಮನೆಯ ಜಂತಿ ಎಣಿಸಬಾರದು ಅನ್ನುತ್ತಾರೆ.
ಇದು ಎಣಿಸಿ, ಬಿಚ್ಚಿ,
ಅದೇ ಮರದಲ್ಲಿ ಬೆನ್ನಹಿಂದೆ ಬಾಲ ಕಟ್ಟಿಕೊಳ್ಳುತ್ತದೆ.
ಬಾಲ ಬೆಳೆದಂತೆ ಮುಂದೆ, ಮುಂದೆ,
ಕಾಲಿಲ್ಲದ್ದಕ್ಕೆ ಮನೆಯೇ ಕಾಲು.
ಪಕ್ಕದ ಗೋಡೆ ಉಬ್ಬುವಷ್ಟು ಒತ್ತಿ
ಬೀದಿಗೆ ಇಳಿಯದೆಯೇ ನೆರೆಮನೆ ಸೇರುತ್ತದೆ.
ಬೀದಿಯಲ್ಲಿ ಗಸ್ತು ತಿರುಗುತ್ತಲೇ ಇದೆ ಪಾಪದ ರಕ್ತ.

ಹಗಲು ಆ ತಾಯಿ ಬಂದಿದ್ದಳು, ಅಕೆಯೊ.
ನ್ಯಾಲೆಂಡಾದಲ್ಲಿ ಮನೆ. ಒಂದೇ ತಗಡು ಎರಡು ಮನೆಗೆ ಗೋಡೆ;
ತಗಡಿನ ಸಂದಿಯಲ್ಲೇ ಉಪ್ಪು, ಬೆಂಕಿಪೊಟ್ಟಣ, ಸುದ್ದಿ.
ಮಗುವಿನ ಹೆಸರು ಒವಿತಿ, ಎಸೆದವನು ಅಂತ ಅರ್ಥ.
ಇಬ್ಬರನ್ನು ಮಣ್ಣಿಗಿಟ್ಟ ಮೇಲೆ ಹುಟ್ಟಿದವನನ್ನು ಹಾಗೆ ಕರೆಯುತ್ತಾರೆ,
ಬೇಡದ ವಸ್ತುವೆಂದು ಸಾವು ಬಿಟ್ಟುಹೋಗಲಿ ಎಂದು.
'ಎಲ್ಲಿದೆ ಅದು?' ಎಂದಳು.
ಚೀಟಿಯ ಬೆನ್ನಿಗೆ ಚಿತ್ರ ಬರೆದು ತೋರಿಸಿದೆ.
'ಹೊಟ್ಟೆಯೊಳಗಾ?'
'ಹೊಟ್ಟೆಯ ಗೋಡೆಯೊಳಗೆ.'
ತುಂಬ ಹೊತ್ತು ಚಿತ್ರವನ್ನೇ ನೋಡಿದಳು.
'ಹಾಗಾದರೆ ತೊಳೆದರೆ ಹೋಗುವುದಲ್ಲ.'

ಮೂರನೆಯ ತಟ್ಟೆ. ಔಷಧಿಯ ಆರು ಬಿಲ್ಲೆಗಳು.
ಐದರ ಅಂಚಿನವರೆಗೂ ಹುಲುಸಾಗಿ ಬೆಳೆದಿದೆ ಅದು,
ಬಿಲ್ಲೆಯೇ ಮೇವೇನೋ ಎಂಬಂತೆ.
ಆರನೆಯದರ ಸುತ್ತ ಒಂದು ಬಯಲು.
ಸ್ಕೇಲು ಇಟ್ಟೆ. ಕೈ ನಡುಗಿತೆಂದು ಮತ್ತೆ ಇಟ್ಟೆ.
ಹತ್ತೊಂಬತ್ತು ಮಿಲಿಮೀಟರು.

ಇದು ಕೋಶದೊಳಕ್ಕೂ ಇಳಿಯಬಲ್ಲ ಮದ್ದು.
ಇದಕ್ಕೂ ಕಾಲಿಲ್ಲ.
ಮೋಸಹೋದ ಆ ಕೋಶವೇ ಇನ್ನೊಮ್ಮೆ
ಬಂದದ್ದನ್ನು ಒಳಗೆ ಬಿಟ್ಟುಕೊಳ್ಳಬೇಕು.

ವಾರ್ಡಿಗೆ ಫೋನು ಹಚ್ಚಿದ್ದೇನೆ.
ಕಿಟಕಿಯಾಚೆ ಸರೋವರದ ಕಡೆ ಮೀನುದೋಣಿಗಳ ಲಾಂದ್ರ.
ರಿಂಗಾಗುತ್ತಿದೆ, ರಿಂಗಾಗುತ್ತಿದೆ.
ಎತ್ತಿ ಸಿಸ್ಟರ್.
ಯಾರಾದರೂ ಎತ್ತಿ.